ಒಂದು ಸುತ್ತು ಹೆಚ್ಚಿಗೆ

ಕೆಲಸಕ್ಕೆ ಬಾರದ್ದನ್ನು ಪಾನಾ ಅಕ್ಕ ಎಂದೂ ಇಟ್ಟುಕೊಂಡವಳಲ್ಲ. ಎಳೆ ಸವೆದ ಸ್ಕ್ರೂ, ತುಕ್ಕು ಹಿಡಿದ ನಟ್ಟು, ಬಿರುಕು ಬಿಟ್ಟ ವಾಷರ್ ಎಲ್ಲವೂ ಅವಳ ಕೈಯಿಂದ ನೇರವಾಗಿ ಕಸದ ಡಬ್ಬಿಗೆ. "ಇವತ್ತು ಎತ್ತಿಟ್ರೆ ನಾಳೆ ಯಾರೋ ಅವಸರದಲ್ಲಿ ಅದನ್ನೇ ಹಾಕಿಬಿಡ್ತಾರೆ. ಆಮೇಲೆ ಯಾರದೋ ಉಸಿರು ನಿಲ್ಲುತ್ತೆ" ಎನ್ನುತ್ತಿದ್ದಳು. ಹಾಗಾಗಿ ಅವಳು ತೀರಿಹೋಗಿ ಮೂರು ವಾರಕ್ಕೆ, ಆಸ್ಪತ್ರೆಯ ವರ್ಕ್‌ಷಾಪಿನಲ್ಲಿ ಅವಳ ಕಬ್ಬಿಣದ ಪೆಟ್ಟಿಗೆ ತೆರೆದಾಗ ಕೆಳಗಿನ ಅರೆಯಲ್ಲಿ ಸಿಕ್ಕಿದ್ದನ್ನು ನೋಡಿ ವರ್ಕ್‌ಷಾಪಿನವರಿಗೆ ಸೋಜಿಗವಾಯಿತು. ಬಿಳಿ ಬಟ್ಟೆಯಲ್ಲಿ ಮಡಿಸಿಟ್ಟ ಎರಡು ತುಂಡು ಕಪ್ಪು ರಬ್ಬರ್. ಲಾರಿ ಚಕ್ರದ ಹಳೆಯ ಟ್ಯೂಬಿನಿಂದ ಕೊಯ್ದ, ಎರಡು ಬೆರಳು ಅಗಲದ ಪಟ್ಟಿ. ನಡುವೆ ಕತ್ತರಿಯಿಂದ ಓರೆಯಾಗಿ ಕತ್ತರಿಸಿದ್ದು.

ಅವಳ ಜಾಗಕ್ಕೆ ಬಂದಿದ್ದ ಹೊಸ ಮೆಕ್ಯಾನಿಕ್ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಎಸೀಲಾ?" ಎಂದು ಕೇಳಿದ.

"ಬೇಡ" ಎಂದಳು, ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದಿದ್ದ ಅಕ್ಕನ ಬಾಲ್ಯದ ಗೆಳತಿ. ಯಾಕೆ ಬೇಡ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಪಾನಾ ಅಕ್ಕನ ಕತೆಯನ್ನೇ ಹೇಳಬೇಕಾಗುತ್ತಿತ್ತು.

ಪಾನಾ ಎಂದರೆ ನಟ್ಟು ಬಿಚ್ಚುವ ಸ್ಪ್ಯಾನರ್. ಅವಳ ಮೇಲಂಗಿಯ ಬಲ ಜೇಬಿನಲ್ಲಿ ಸದಾ ಒಂದು ಇರುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತು. ಅಪ್ಪ ನೀರೆತ್ತುವ ಪಂಪು ರಿಪೇರಿ ಮಾಡುತ್ತಿದ್ದ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಸಾಮಾನು ಹಿಡಿದುಕೊಳ್ಳಲು ಇವಳೇ ಹೋಗುತ್ತಿದ್ದಳು. ಅಪ್ಪನ ಹತ್ತಿರ ಒಂದೂವರೆ ಗೇಣುದ್ದದ ಮರದ ಕೋಲಿತ್ತು. ಅದರ ಒಂದು ತುದಿಯನ್ನು ಓಡುತ್ತಿರುವ ಪಂಪಿನ ಮೈಗೆ ಒತ್ತಿ, ಇನ್ನೊಂದನ್ನು ಕಿವಿಯ ಮುಂದಿನ ಎಲುಬಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. "ಬಿಚ್ಚಿ ನೋಡೋದು ಕೊನೆಯ ಕೆಲಸ ಮಗಾ. ಮೊದಲು ಕೇಳು. ಅದು ತನ್ನ ಕಷ್ಟ ತಾನೇ ಹೇಳುತ್ತೆ." ಏಳು ವರ್ಷದ ಹುಡುಗಿ ಕೋಲಿಗೆ ಎಲುಬು ಕೊಟ್ಟಾಗ ಇಡೀ ಪಂಪು ಅವಳ ತಲೆಯೊಳಗೆ ಬಂದು ನಿಂತಿತು. ನೀರು ಏರುವ ಸದ್ದು, ಬೇರಿಂಗಿನ ಗುಂಡುಗಳು ಒಂದರ ಹಿಂದೊಂದು ಉರುಳುವ ಸದ್ದು, ಎಲ್ಲೋ ಆಳದಲ್ಲಿ ಒಂದು ಕಾಳಿನಷ್ಟು ಮರಳು ಸಿಕ್ಕಿ ಗೀರುವ ಸದ್ದು. ಆ ಬೆರಗು ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಅಪ್ಪ ಹೋದ ಮೇಲೆ ಅಕ್ಕಂದಿರು ಮನೆಯ ಪಾತ್ರೆಗಳನ್ನು ಹಂಚಿಕೊಂಡರು. ಇವಳು ಕೋಲು ಸಾಕು ಎಂದಳು.

ಆಸ್ಪತ್ರೆಗೆ ಅವಳು ಬಂದದ್ದು ನೀರಿನ ಟ್ಯಾಂಕಿನ ಪಂಪು ಸರಿಮಾಡಲು. ಕೆಲಸ ಮುಗಿಸಿ ಹೊರಗೆ ಹೋಗುವಾಗ ವಾರ್ಡಿನ ಬಾಗಿಲಲ್ಲಿ ನಿಂತುಬಿಟ್ಟಳು. ಒಳಗೆ ರೋಗಿಯೊಬ್ಬನ ಗಂಟಲಿನ ಕಫ ಎಳೆಯುವ ಯಂತ್ರ ಓಡುತ್ತಿತ್ತು. "ಅಮ್ಮಾ, ಅದರ ಬೇರಿಂಗ್ ನಾಳೆವರೆಗೂ ಬಾಳಲ್ಲ" ಎಂದಳು ನರ್ಸಿಗೆ. ನರ್ಸು ಮೂಗು ಮುರಿದಳು. ಮರುದಿನ ಮಧ್ಯಾಹ್ನ ಯಂತ್ರ ಕಿರುಚಿ ನಿಂತಿತು. ಸಂಜೆಗೆ ಆಸ್ಪತ್ರೆಯಿಂದ ಫೋನು ಬಂತು. ಹಾಗೆ ಹೋದವಳು ಇಪ್ಪತ್ತಾರು ವರ್ಷ ಅಲ್ಲೇ ಉಳಿದಳು. ಓದಿದ್ದು ಹತ್ತನೇ ತರಗತಿ. ಆದರೆ ಯಂತ್ರದ ಜೊತೆ ಬಂದ ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂರು ಸಲ ಓದದೆ ಯಾವ ಯಂತ್ರಕ್ಕೂ ಕೈ ಹಾಕುತ್ತಿರಲಿಲ್ಲ. ಬಾಯಿ ಮಾತ್ರ ಹರಿತ. ಒಮ್ಮೆ ಹೃದಯ ವಿಭಾಗದ ದೊಡ್ಡ ಡಾಕ್ಟರು ಹೊಸ ಮಾನಿಟರ್ ಕೆಟ್ಟಿದೆ ಎಂದು ಕೂಗಾಡಿದಾಗ, ಅವಳು ಬಂದು ಗೋಡೆಯ ಪ್ಲಗ್ ಒಳಗೆ ಒತ್ತಿ, "ಇದಕ್ಕೆ ಆಪರೇಷನ್ ಬೇಕಾಗಿರಲಿಲ್ಲ ಡಾಕ್ಟ್ರೇ" ಎಂದು ಹೊರಟುಹೋದಳು.

ಆ ವಿಭಾಗದ ಕೊನೆಯ ಕೋಣೆಯಲ್ಲಿ ಹನ್ನೊಂದು ತಿಂಗಳಿಂದ ಒಬ್ಬ ಟೈಲರ್ ಇದ್ದ. ನಲವತ್ತರ ಆಸುಪಾಸು, ಸಣ್ಣ ಆಳು, ಇಬ್ಬರು ಹೆಣ್ಣುಮಕ್ಕಳ ಅಪ್ಪ. ಅವನ ಹೃದಯ ಸೋತು, ಅದರ ಪಕ್ಕದಲ್ಲಿ ಒಂದು ಪುಟ್ಟ ಪಂಪು ಕೂರಿಸಿದ್ದರು. ಹೊಟ್ಟೆಯಿಂದ ಹೊರಬಂದ ವೈರು ಎರಡು ಬ್ಯಾಟರಿಗಳಿಗೆ ಸೇರುತ್ತಿತ್ತು. ಆ ಬ್ಯಾಟರಿ ಹೊತ್ತುಕೊಳ್ಳಲು ಆಸ್ಪತ್ರೆ ಕೊಟ್ಟ ಚೀಲ ನೋಡಿ ಅವನು ತಲೆ ಚಚ್ಚಿಕೊಂಡಿದ್ದ. "ಇದು ಹೊಲಿಗೆನಾ? ನಾಯಿ ಹರಿದ ಹಾಗಿದೆ." ಹೆಂಡತಿಯಿಂದ ಕೈಹೊಲಿಗೆ ಯಂತ್ರ ತರಿಸಿಕೊಂಡು ಮಂಚದ ಮೇಲೆ ಕೂತೇ ತನಗೊಂದು ಚೀಲ ಹೊಲಿದುಕೊಂಡ, ಆಮೇಲೆ ಅಂಥದೇ ಪಂಪಿದ್ದ ಇನ್ನಿಬ್ಬರಿಗೂ ಹೊಲಿದುಕೊಟ್ಟ.

ಆ ಪುಟ್ಟ ಪಂಪು ಬಡಿಯುವುದಿಲ್ಲ. ಫ್ಯಾನಿನ ಹಾಗೆ ತಿರುಗುತ್ತಲೇ ಇರುತ್ತದೆ. ಹೀಗಾಗಿ ಟೈಲರ್‌ನ ಕೈ ಹಿಡಿದರೆ ನಾಡಿಯೇ ಸಿಗುತ್ತಿರಲಿಲ್ಲ. ಹೊಸದಾಗಿ ಬಂದ ನರ್ಸುಗಳ ಮುಂದೆ ಮಣಿಕಟ್ಟು ಚಾಚಿ, "ನೋಡಿ ಸಿಸ್ಟರ್, ನಾನು ಬದುಕಿದೀನಾ?" ಎಂದು ಕೇಳುವುದು, ಅವರು ಬೆಚ್ಚಿಬಿದ್ದಾಗ ಹೊಟ್ಟೆ ಹಿಡಿದು ನಗುವುದು ಅವನ ನಿತ್ಯದ ಆಟ. ಪ್ರತಿ ಮಂಗಳವಾರ ಪಾನಾ ಅಕ್ಕ ಬಂದು ಬ್ಯಾಟರಿ, ವೈರು ಎಲ್ಲ ನೋಡಿ, ಕೊನೆಗೆ ಕೋಲನ್ನು ಅವನ ಎದೆಗೆ ಒತ್ತಿ ಕೇಳುತ್ತಿದ್ದಳು. ಒಂದೇ ಸಮನೆ ಗುಂಯ್ ಎನ್ನುವ ಸದ್ದು.

"ಹೇಗಿದೆ ಅಕ್ಕ? ವಾಷರ್ ಬದಲಾಯಿಸಬೇಕಾ?"

"ನಿನ್ನ ಬಾಯಿಗೊಂದು ವಾಷರ್ ಹಾಕಬೇಕು ಟೈಲರಪ್ಪ. ಸೋರ್ತಾನೇ ಇರುತ್ತೆ."

ಆದರೆ ಈಚೆಗೆ ವೈರು ಹೊರಬರುವ ಕಡೆ ಕೀವಾಗತೊಡಗಿತ್ತು. ಕೀವು ಒಳಗಿಳಿದರೆ ಪಂಪು ತೆಗೆಯಲೇಬೇಕು. ತೆಗೆದರೆ ಅವನ ಹೃದಯ ಒಂದು ಗಂಟೆಯೂ ನಡೆಯುವುದಿಲ್ಲ. ಬೇರೆ ಹೃದಯ ಬರಬೇಕು, ಅದೂ ಕೆಲವೇ ವಾರಗಳಲ್ಲಿ. ಅವನ ರಕ್ತದ ಗುಂಪು ಅಪರೂಪದ್ದು, ಎದೆಗೂಡು ಚಿಕ್ಕದು. ಹನ್ನೊಂದು ತಿಂಗಳಲ್ಲಿ ಅವನಿಗೆ ಹೊಂದುವ ಹೃದಯ ಎರಡೇ ಸಲ ಸಿಕ್ಕಿತ್ತು. ಎರಡೂ ಸಲ ಬೆಟ್ಟದ ಸಾಲಿನ ಆಚೆಯ ಊರಿನಲ್ಲಿ. ಐಸಿನಲ್ಲಿಟ್ಟು ತರುವ ಹೃದಯಕ್ಕೆ ನಾಲ್ಕು ಗಂಟೆ ಆಯುಷ್ಯ. ದಾರಿ ಆರು ಗಂಟೆಯದು, ವಿಮಾನ ಇಳಿಯುವ ಜಾಗ ಎರಡೂ ಕಡೆ ಇಲ್ಲ. ಎರಡು ಮನೆಯವರು ಕಣ್ಣೀರು ಒರೆಸಿಕೊಂಡು ಕೊಡುತ್ತೇವೆ ಎಂದದ್ದನ್ನು, ಬೇಡ ಎಂದು ಹೇಳಬೇಕಾಯಿತು.

"ಬಟ್ಟೆ ಇದೆ, ಅಳತೆ ಸರಿ ಇದೆ, ಅಂಗಡಿ ಬಾಗಿಲು ಹಾಕಿದೆ" ಎಂದು ಟೈಲರ್ ನಕ್ಕಿದ್ದ. ಅವನ ಹೆಂಡತಿ ನಗಲಿಲ್ಲ. ಕಿಟಕಿಯ ಕಡೆ ತಿರುಗಿ, ಮಡಿಸಿದ್ದ ಹೊದಿಕೆಯನ್ನೇ ಮತ್ತೆ ಬಿಡಿಸಿ ಮಡಿಸಿದಳು.

ದೊಡ್ಡ ಡಾಕ್ಟರು ಒಂದು ದಿನ ವರ್ಕ್‌ಷಾಪಿಗೇ ಬಂದು ಸ್ಟೂಲಿನ ಮೇಲೆ ಕೂತರು. "ಹೃದಯ ಕೊಡೋರು ಕಡಿಮೆ ಅಂತ ಎಲ್ಲರೂ ಹೇಳ್ತಾರೆ ಅಕ್ಕ. ನಿಜ, ಕಡಿಮೆ. ಆದ್ರೆ ಕೊಟ್ಟಿದ್ದನ್ನೂ ನಾವು ಮಣ್ಣಿಗೆ ಕಳಿಸ್ತಿದೀವಲ್ಲ, ಅದು ನನ್ನ ನಿದ್ದೆ ಕೆಡಿಸಿದೆ." ಆಮೇಲೆ ಒಂದು ಯಂತ್ರದ ಮಾತು ತೆಗೆದರು. ಹೃದಯವನ್ನು ತಣ್ಣಗೆ ಮಲಗಿಸದೆ, ಪೆಟ್ಟಿಗೆಯೊಳಗೆ ಬೆಚ್ಚಗಿನ ರಕ್ತ ಹರಿಸಿ ಬಡಿಸುತ್ತಲೇ ತರುವ ಯಂತ್ರ. ತಯಾರಿಸುವ ಕಂಪನಿಯವರು ಕೆಲವು ತಿಂಗಳು ಉಪಯೋಗಿಸಿ ನೋಡಲು ಕೊಡುತ್ತಾರೆ. ನೋಡಿಕೊಳ್ಳಲು ಒಬ್ಬರು ಬೇಕು.

"ಮೈಯಿಲ್ಲದೆ ಬಡಿಯುತ್ತಾ?" ಎಂದು ಕೇಳಿದಳು ಪಾನಾ ಅಕ್ಕ.

"ಬಡಿಯುತ್ತೆ."

"ಕಣ್ಣಾರೆ ಕಂಡ ಮೇಲೆ ನಂಬ್ತೀನಿ."

ಯಂತ್ರ ಬಂತು. ಹಾಸಿಗೆ ಪಕ್ಕದ ಮೇಜಿನಷ್ಟು ಎತ್ತರ, ಗಾಲಿಗಳಿದ್ದವು, ಮೇಲೆ ಪಾರದರ್ಶಕ ಮುಚ್ಚಳ, ಪಕ್ಕದಲ್ಲಿ ಒಂದು ಮೊಳದ ಆಮ್ಲಜನಕದ ಸಿಲಿಂಡರ್. ಕಲಿಸಲು ಬಂದ ಇಂಜಿನಿಯರ್ ಹತ್ತು ದಿನ ಇದ್ದು ಹೋದ. ಪುಸ್ತಕವನ್ನು ಅವಳು ಮೂರಲ್ಲ, ಐದು ಸಲ ಓದಿದಳು.

ಆರನೇ ವಾರ ಒಂದು ಸಂಜೆ ಫೋನು ಬಂತು. ಬೆಟ್ಟದಾಚೆಯ ಅದೇ ಊರು. ಟೈಲರ್‌ಗೆ ಹೊಂದುವ ಹೃದಯ. ನಡುರಾತ್ರಿ ದಾಟುತ್ತಿದ್ದಂತೆ ಆಂಬುಲೆನ್ಸ್ ಹೊರಟಿತು. ಡ್ರೈವರ್, ಹೃದಯ ತೆಗೆದು ತರುವ ಚಿಕ್ಕ ಡಾಕ್ಟರಮ್ಮ, ಯಂತ್ರ, ಪಾನಾ ಅಕ್ಕ. ಹೊರಡುವ ಮೊದಲು ಅವಳು ಟೈಲರ್‌ನ ಕೋಣೆಗೆ ಇಣುಕಿದಳು. ಅವನು ಎಚ್ಚರವಾಗಿದ್ದ. ಒಂದೂ ತಮಾಷೆ ಮಾಡಲಿಲ್ಲ.

"ಅಕ್ಕ, ಕೊಟ್ಟವರ ಮನೆಯವರು ಸಿಕ್ರೆ..." ಎಂದು ಶುರುಮಾಡಿ, ಮಾತು ಮುಗಿಸದೆ ಬ್ಯಾಟರಿ ಚೀಲದ ಹೊಲಿಗೆಯನ್ನು ಬೆರಳಿಂದ ಸವರತೊಡಗಿದ.

ಅಲ್ಲಿಯ ಆಪರೇಷನ್ ಕೋಣೆಯಲ್ಲಿ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಪಾನಾ ಅಕ್ಕ ಕಂಡದ್ದನ್ನು ಆಮೇಲೆ ಎಷ್ಟು ಸಲ ಹೇಳಿದರೂ ಅವಳ ದನಿ ಒಂದು ಕಡೆ ಬಂದು ತಗ್ಗುತ್ತಿತ್ತು. ಚಿಕ್ಕ ಡಾಕ್ಟರಮ್ಮ ಎರಡೂ ಕೈಯಲ್ಲಿ ಹಿಡಿದು ತಂದದ್ದು ತಣ್ಣಗೆ, ಸುಮ್ಮನಿತ್ತು. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಮೇಲೆ ತೆಳುವಾಗಿ ಹಳದಿ ಕೊಬ್ಬು. ಅದನ್ನು ಪೆಟ್ಟಿಗೆಯಲ್ಲಿ ಕೂರಿಸಿ, ಕೊಳವೆ ಜೋಡಿಸಿ, ಬೆಚ್ಚಗಿನ ರಕ್ತ ಬಿಟ್ಟರು. ಏನೂ ಆಗಲಿಲ್ಲ. ನಂತರ ಅಂಚಿನಲ್ಲೆಲ್ಲೋ ಒಂದು ಅದುರು. ನೀರಿನ ಮೇಲೆ ಗಾಳಿ ಹಾಯ್ದಂತೆ ಮೈಯೆಲ್ಲ ಅದುರು. ಮತ್ತೆ ಸ್ತಬ್ಧ. ಆಮೇಲೆ ಒಂದು ಬಡಿತ.

ಯಾರೂ ಮುಟ್ಟಿರಲಿಲ್ಲ. ಹೇಳಿಕೊಡಲು ತಲೆಯಿಲ್ಲ, ನರವಿಲ್ಲ, ಮೈಯಿಲ್ಲ. ಎರಡನೆಯ ಬಡಿತ, ಮೂರನೆಯದು, ನಂತರ ತಾನೇ ಲಯ ಹಿಡಿಯಿತು. ಅಪ್ಪನ ಜೊತೆ ನೂರಾರು ಪಂಪು ಬಿಚ್ಚಿದವಳು ಅದನ್ನೇ ನೋಡುತ್ತ ನಿಂತಳು. ಅದು ಬರೀ ಒತ್ತುತ್ತಿರಲಿಲ್ಲ; ಒದ್ದೆ ಬಟ್ಟೆ ಹಿಂಡುವ ಕೈಯಂತೆ ತಿರುಚಿ ಒತ್ತುತ್ತಿತ್ತು. ಬೇರಿಂಗ್ ಇಲ್ಲ, ವಾಷರ್ ಇಲ್ಲ, ಎಣ್ಣೆ ಹಾಕುವ ತೂತಿಲ್ಲ. ಇಷ್ಟು ವರ್ಷ ಒಂದು ದಿನವೂ ರಿಪೇರಿಗೆಂದು ನಿಂತಿಲ್ಲ.

"ಅಕ್ಕ, ಮುಚ್ಚಳ" ಎಂದಳು ಚಿಕ್ಕ ಡಾಕ್ಟರಮ್ಮ. ಎರಡು ಸಲ ಹೇಳಬೇಕಾಯಿತು.

ಮುಚ್ಚಳದ ಮೇಲೆ ನೀಲಿ ಬಟ್ಟೆ ಹೊದಿಸಿ, ಹಿಂದಿನ ಗೇಟಿಗೆ ತಂದು ಆಂಬುಲೆನ್ಸಿಗೆ ಏರಿಸಿದರು. ಚಿಕ್ಕ ಡಾಕ್ಟರಮ್ಮ ಡ್ರೈವರ್ ಜೊತೆ ಮುಂದೆ ಹೋಗಿ ಆಸ್ಪತ್ರೆಗೆ ಫೋನು ಮಾಡುತ್ತಿದ್ದಳು. ನೆಲದ ಕೊಕ್ಕೆಗಳಿಗೆ ಯಂತ್ರದ ನಾಲ್ಕು ಕಾಲುಗಳನ್ನೂ ಸಿಕ್ಕಿಸುತ್ತಿದ್ದಾಗ ಬಾಗಿಲ ಹತ್ತಿರ ಯಾರೋ ನಿಂತಂತಾಯಿತು. ದಪ್ಪ ಮೀಸೆ, ಎರಡು ದಿನ ನಿದ್ದೆ ಕಾಣದ ಕಣ್ಣು, ಅಂಗಿಯ ಕೈಗಳು ಮೊಣಕೈವರೆಗೆ ಮಡಿಸಿದ್ದವು. ಗೇಟಿನ ಆಚೆ ಅವನ ಲಾರಿ ನಿಂತಿತ್ತು.

"ಡಾಕ್ಟ್ರೇ" ಎಂದ ಅವನು ಪಾನಾ ಅಕ್ಕನಿಗೆ.

"ನಾನು ಡಾಕ್ಟರಲ್ಲ ಅಣ್ಣ. ಮೆಕ್ಯಾನಿಕ್."

"ಹಾಗಾದ್ರೆ ನಿಮ್ಮನ್ನೇ ಕೇಳಬೇಕು." ಅವನು ಒಂದು ಹೆಜ್ಜೆ ಹತ್ತಿರ ಬಂದ. "ಒಳಗಿರೋದು ನನ್ನ ಮಗಳದು. ಈಜು ಕಲಿಸ್ತಿದ್ಲು. ತಲೆಯೊಳಗೆ ರಕ್ತನಾಳ ಒಡೀತಂತೆ, ನಿಂತ ಹಾಗೇ... ನೀವು ಆ ಬೆಟ್ಟದ ರಸ್ತೇಲಿ ಹೋಗ್ತೀರಾ?"

"ಹೂಂ."

"ಆ ರಸ್ತೆ ನಂಗೊತ್ತು. ಹತ್ತೊಂಬತ್ತು ವರ್ಷದಿಂದ ಓಡಿಸ್ತಿದೀನಿ. ಬರೀ ಗುಂಡಿ. ಗಟ್ಟಿಯಾಗಿ ಕಟ್ಟಿದೀರಾ?"

"ಕಟ್ಟಿದೀನಿ ಅಣ್ಣ. ನೋಡಿ."

ಅವನು ಒಳಗೆ ಬಾಗಿ ನೋಡಿದ. ಹೊರೆ ಕಟ್ಟಿ ಬದುಕಿದವನ ನೋಟ ಅದು. ನೀಲಿ ಬಟ್ಟೆಯ ಕಡೆ ಕಣ್ಣು ಹಾಯಿಸಲಿಲ್ಲ; ಕೊಕ್ಕೆಗಳನ್ನು ಒಂದೊಂದಾಗಿ ಎಳೆದು ನೋಡಿದ. ಕೊನೆಗೆ ಸಿಲಿಂಡರನ್ನು ಹಿಡಿದು ಅಲ್ಲಾಡಿಸಿದ. ಅದರ ಕ್ಲಿಪ್ಪು ಟಕಟಕ ಎಂದಿತು.

"ಇದು ಆಡ್ತಿದೆ" ಎಂದವನೇ ಲಾರಿಯತ್ತ ಓಡಿದ. ಬಂದಾಗ ಕೈಯಲ್ಲಿ ಕಪ್ಪು ರಬ್ಬರ್ ಪಟ್ಟಿ ಇತ್ತು. "ಇದನ್ನ ಒಂದು ಸುತ್ತು ಹೆಚ್ಚಿಗೆ ಹಾಕಿ ತಾಯಿ. ಹತ್ತು ಮೂಟೆ ಸಿಮೆಂಟ್ ಹಿಡಿಯುತ್ತೆ."

ಪುಸ್ತಕದಲ್ಲಿ ಇಲ್ಲದ ಒಂದು ದಾರವನ್ನೂ ಆ ಯಂತ್ರದ ಮೇಲೆ ಕಟ್ಟಬಾರದೆಂದು ಅವಳಿಗೆ ಗೊತ್ತಿತ್ತು. ಕ್ಲಿಪ್ಪು ಅಷ್ಟು ಆಡಲೆಂದೇ ಮಾಡಿದ್ದು ಎಂಬುದೂ ಗೊತ್ತಿತ್ತು. ಬೇರೆ ಯಾರೇ ಕೊಟ್ಟಿದ್ದರೂ ಎರಡು ಮಾತು ಬೈದು ಹಿಂದೆ ಕಳಿಸುತ್ತಿದ್ದಳು. ಆದರೆ ಈ ಮನುಷ್ಯನಿಗೆ ಮಗಳಿಗಾಗಿ ಮಾಡಲು ಇನ್ನು ಉಳಿದಿದ್ದ ಕೆಲಸ ಅದೊಂದೇ. ಅಪ್ಪನ ಕೈಯ ಹಾಗೇ ಇದ್ದ, ಉಗುರಿನ ಸಂದಿಯಲ್ಲಿ ಗ್ರೀಸ್ ನಿಂತ ಆ ಕೈಯಿಂದ ಅವಳು ಪಟ್ಟಿ ತೆಗೆದುಕೊಂಡಳು. ಸಿಲಿಂಡರಿನ ಹೆಗಲಿಗೆ ಒಂದು ಸುತ್ತು ಹಾಕಿ ಯಂತ್ರದ ಹಿಡಿಗೆ ಬಿಗಿದಳು. ಅವನು ಗಂಟನ್ನು ತಾನೇ ಮುಟ್ಟಿ, ತನ್ನ ರೀತಿಯಲ್ಲಿ ಇನ್ನೊಂದು ಎಳೆ ಎಳೆದ.

"ಹೂಂ. ಈಗ ಹೋಗಿ."

ಮೊದಲ ಮೂರು ಗಂಟೆ ಎಲ್ಲವೂ ಸರಿಯಾಗಿತ್ತು. ಚಿಕ್ಕ ಡಾಕ್ಟರಮ್ಮ ಅರ್ಧ ಗಂಟೆಗೊಮ್ಮೆ ಒಂದು ಹನಿ ರಕ್ತ ತೆಗೆದು ಪುಟ್ಟ ಸಾಧನದಲ್ಲಿ ಪರೀಕ್ಷಿಸಿ ಅಂಕಿ ಬರೆಯುತ್ತಿದ್ದಳು. ಹೃದಯ ದಣಿದರೆ ಆ ಅಂಕಿ ಏರುತ್ತದೆ. ಅದು ಇಳಿಯುತ್ತಿತ್ತು. ಬಟ್ಟೆ ಸರಿಸಿ ನೋಡಿದಾಗಲೆಲ್ಲ ಅದು ತನ್ನ ಪಾಡಿಗೆ ತಾನು ಹಿಂಡುತ್ತಿತ್ತು. ಇತ್ತ ಆಸ್ಪತ್ರೆಯಲ್ಲಿ, ಆಂಬುಲೆನ್ಸ್ ಬಂದ ಕೂಡಲೇ ತಡವಾಗಬಾರದೆಂದು ಟೈಲರ್‌ಗೆ ಅರಿವಳಿಕೆ ಕೊಟ್ಟು ಮೇಜಿನ ಮೇಲೆ ಮಲಗಿಸಿದ್ದರು.

ಬೆಟ್ಟ ಇಳಿಯುವಾಗ ಚಕ್ರ ಒಂದರ ಮೇಲೊಂದು ಎರಡು ಗುಂಡಿಗೆ ಬಿತ್ತು. ಯಂತ್ರ ಅಲ್ಲಾಡಲಿಲ್ಲ. ಹತ್ತು ನಿಮಿಷದ ಮೇಲೆ ಚಿಕ್ಕ ಡಾಕ್ಟರಮ್ಮ ಬಟ್ಟೆ ಸರಿಸಿದಳು. "ಅಕ್ಕ, ಬಣ್ಣ ನೋಡಿ."

ಹೃದಯಕ್ಕೆ ಹೋಗುವ ಕೊಳವೆಯಲ್ಲಿ ರಕ್ತ ಕಪ್ಪಿಟ್ಟಿತ್ತು. ಬಡಿತ ಎಂಬತ್ತರಿಂದ ಐವತ್ತಕ್ಕೆ ಬಂದಿತ್ತು. ಅಂಕಿ ಏರಿತ್ತು. ಐದು ನಿಮಿಷದಲ್ಲಿ ಇನ್ನೂ ಏರಿತು. ಚಿಕ್ಕ ಡಾಕ್ಟರಮ್ಮ ಸಿಲಿಂಡರಿನ ಮೀಟರ್ ನೋಡಿದಳು: ತುಂಬಿದೆ, ವಾಲ್ವ್ ತೆರೆದಿದೆ. ಪಂಪು ಓಡುತ್ತಿದೆ. ಯಂತ್ರದಲ್ಲಿ ತಪ್ಪಿಲ್ಲ ಎಂದಾದರೆ ತಪ್ಪು ಹೃದಯದ್ದೇ. ಫೋನಿನಲ್ಲಿ ದೊಡ್ಡ ಡಾಕ್ಟರಿಗೆ ಹೇಳಿದಳು.

"ಹೃದಯ ಸೋಲ್ತಿದೆಯಾ?" ಎಂದಿತು ಆ ಕಡೆಯ ದನಿ.

"ಹಾಗೇ ಕಾಣುತ್ತೆ ಸರ್."

"ನಾನು ಇನ್ನೂ ಎದೆ ತೆರೆದಿಲ್ಲ. ಹತ್ತು ನಿಮಿಷ ಕಾಯ್ತೀನಿ. ಬಣ್ಣ ಬರದಿದ್ರೆ ಇವರನ್ನ ಎಬ್ಬಿಸಿಬಿಡ್ತೀನಿ."

ಎಬ್ಬಿಸುವುದೆಂದರೆ ಏನೆಂದು ಆಂಬುಲೆನ್ಸಿನಲ್ಲಿದ್ದ ಮೂವರಿಗೂ ಗೊತ್ತಿತ್ತು. ಮತ್ತೊಂದು ಹೃದಯಕ್ಕಾಗಿ ಕಾಯಲು ಟೈಲರ್‌ಗೆ ಇನ್ನು ದಿನಗಳಿರಲಿಲ್ಲ.

"ಅಣ್ಣ, ಗಾಡಿ ನಿಲ್ಲಿಸಿ" ಎಂದಳು ಪಾನಾ ಅಕ್ಕ.

"ಏನಕ್ಕ, ಇಂಥ ಹೊತ್ತಲ್ಲಿ ನಿಲ್ಲಿಸೋದಾ?"

"ನಿಲ್ಲಿಸಿ. ಎಂಜಿನ್ ಆಫ್ ಮಾಡಿ. ಸೈರನ್ನೂ. ಯಾರೂ ಉಸಿರು ಬಿಡಬೇಡಿ."

ಜೇಬಿನಿಂದ ಕೋಲು ತೆಗೆದಳು. ಒಂದು ತುದಿ ಯಂತ್ರದ ಮೈಗೆ, ಒಂದು ತುದಿ ಎಲುಬಿಗೆ. ಕಣ್ಣು ಮುಚ್ಚಿದಳು. ಮೊದಲು ಪಂಪು: ನಯವಾಗಿ ತಿರುಗುತ್ತಿತ್ತು. ಅದರ ಹಿಂದೆ, ದೂರದಲ್ಲಿ ಯಾರೋ ಮೆಟ್ಟಿಲು ಹತ್ತಿದಂತೆ, ಆ ಹುಡುಗಿಯ ಹೃದಯ. ನಿಧಾನವಾಗಿತ್ತು, ಆದರೆ ಒಂದು ಹೆಜ್ಜೆಯೂ ತಪ್ಪಿರಲಿಲ್ಲ. ಕೆಟ್ಟ ಪಂಪು ಎಡವುತ್ತದೆ, ಗೀರುತ್ತದೆ. ಇದು ಎಡವುತ್ತಿರಲಿಲ್ಲ. ಇದು ಹಸಿದಿತ್ತು. ಹಾಗಾದರೆ ಏನು ಕೇಳಿಸುತ್ತಿಲ್ಲ? ಹತ್ತು ದಿನದ ಕಲಿಕೆಯಲ್ಲಿ, ಆರು ವಾರದಲ್ಲಿ ದಿನಾ ಕೇಳಿದ ಸದ್ದುಗಳನ್ನು ಮನಸ್ಸಿನಲ್ಲಿ ಒಂದೊಂದಾಗಿ ಎಣಿಸಿದಳು. ಸಣ್ಣಗೆ, ನಿದ್ದೆ ಹೋದ ಮಗುವಿನ ಉಸಿರಿನಂತೆ ಸುಯ್ ಎನ್ನುವುದೊಂದಿತ್ತು. ಆಮ್ಲಜನಕದ್ದು. ಅದು ಇರಲಿಲ್ಲ.

ಮೀಟರ್ ಸಿಲಿಂಡರಿನ ಬಾಯಿಯಲ್ಲಿತ್ತು. ತುಂಬಿದೆ ಎನ್ನುವುದಷ್ಟೇ ಅದರ ಕೆಲಸ. ಅವಳ ಬೆರಳು ಅಲ್ಲಿಂದ ಕೊಳವೆಯನ್ನು ಹಿಡಿದು ಬಟ್ಟೆಯಡಿ ಸರಿಯುತ್ತ ಹೋಯಿತು. ಒಂದು ಗೇಣು, ಇನ್ನೊಂದು ಗೇಣು. ಹಿಡಿಯ ಹತ್ತಿರ ಬೆರಳು ನಿಂತಿತು.

ಕುಲುಕಾಟಕ್ಕೆ ರಬ್ಬರ್ ಪಟ್ಟಿ ಸಿಲಿಂಡರಿನ ಹೆಗಲಿನಿಂದ ಜಾರಿ, ಕೊಳವೆ ಬಾಗುವ ಕಡೆ ಅದನ್ನು ಕಾಗದದಷ್ಟು ಚಪ್ಪಟೆಯಾಗಿ ಒತ್ತಿ ಹಿಡಿದಿತ್ತು.

ಅವಳು ಗಂಟಿಗೆ ಕೈ ಹಾಕಿದಳು. ಲಾರಿಯವರ ಗಂಟು ಅದು, ಕುಲುಕಿದಷ್ಟೂ ಬಿಗಿಯುವಂಥದ್ದು. ಅಲುಗಲಿಲ್ಲ. "ಕತ್ತರಿ!" ಎಂದಳು. ಚಿಕ್ಕ ಡಾಕ್ಟರಮ್ಮ ಕೊಟ್ಟ ಕತ್ತರಿಯಿಂದ ಓರೆಯಾಗಿ ಒಂದೇ ಏಟಿಗೆ ಕತ್ತರಿಸಿದಳು.

ಸುಯ್ ಎಂದಿತು.

ಇಬ್ಬರೂ ಮುಚ್ಚಳದ ಮೇಲೆ ಬಾಗಿದರು. ಡ್ರೈವರ್ ಸೀಟಿನ ಮೇಲಿಂದಲೇ ಕತ್ತು ಚಾಚಿದ. ಕೊಳವೆಯ ದೂರದ ತುದಿಯಿಂದ ಒಂದು ಕೆಂಪು ಗೆರೆ ಬಂತು. ಕಪ್ಪನ್ನು ಮುಂದಕ್ಕೆ ತಳ್ಳುತ್ತ ಬಂತು. ಹೃದಯದ ಬಾಯಿಗೆ ತಲುಪಿತು, ಒಳಗೆ ಹೋಯಿತು. ಅದರ ಮೈಮೇಲಿನ ಕೂದಲೆಳೆಯಂಥ ರಕ್ತನಾಳಗಳಲ್ಲಿ ಒಂದೊಂದಾಗಿ ಕೆಂಪು ಏರಿತು. ಐವತ್ತು, ಐವತ್ತೆಂಟು, ಎಪ್ಪತ್ತು. ಸತ್ತೇ ಹೋಯಿತೆಂದು ಬಿಟ್ಟುಬಿಡಬೇಕಾಗಿದ್ದ ಒಂದು ಹಿಡಿ ಮಾಂಸ, ಯಾರ ಮೇಲೂ ಕೋಪವಿಲ್ಲದೆ, ಬಿಟ್ಟ ಕಡೆಯಿಂದಲೇ ತನ್ನ ಕೆಲಸವನ್ನು ಮತ್ತೆ ಹಿಡಿದುಕೊಂಡಿತು. ಚಿಕ್ಕ ಡಾಕ್ಟರಮ್ಮ ಫೋನಿನಲ್ಲಿ, "ಬಣ್ಣ ಬಂತು ಸರ್" ಎಂದಳು.

"ಅಂಕಿ?" ಎಂದರು ದೊಡ್ಡ ಡಾಕ್ಟರು.

"ಇಳೀತಿದೆ."

"ಹಾಗಾದ್ರೆ ಗಾಡಿ ಹೊರಡಿಸಿ. ನಾನು ಶುರುಮಾಡ್ತೀನಿ."

ಸಂಜೆ ಆರೂಕಾಲಿಗೆ ಆಸ್ಪತ್ರೆ ಸೇರಿದರು. ಆಪರೇಷನ್ ಕೋಣೆಯವರೆಗೂ ಯಂತ್ರವನ್ನು ತಳ್ಳಿಕೊಂಡು ಹೋಗಿ ಪಾನಾ ಅಕ್ಕ ಗೋಡೆಗೆ ಒರಗಿ ನಿಂತಳು. ಟೈಲರ್‌ನ ಎದೆಯಲ್ಲಿ ಆ ಹೃದಯ ಮತ್ತೊಮ್ಮೆ, ಯಾರೂ ಹೇಳಿಕೊಡದೆ, ಮೊದಲನೆಯ ಬಡಿತ ಬಡಿದಾಗ ಅವಳು ಅಲ್ಲೇ ಇದ್ದಳು. ಒಂದೇ ದಿನದಲ್ಲಿ ಒಂದೇ ಹೃದಯ ಎರಡು ಸಲ ಹುಟ್ಟಿದ್ದನ್ನು ನೋಡಿದವರು ಎಷ್ಟು ಜನ ಇದ್ದಾರು!

ಮರುದಿನ ಅವಳೇ ವರದಿ ಬರೆದು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟಳು. "ಪುಸ್ತಕದಲ್ಲಿ ಇಲ್ಲದ ಪಟ್ಟಿಯೊಂದನ್ನು ಕಟ್ಟಿದೆ. ಅದು ಜಾರಿ ಆಮ್ಲಜನಕದ ಕೊಳವೆ ಒತ್ತಿತು. ತಪ್ಪು ನನ್ನದು." ಅಷ್ಟೇ.

ಅವರು ಓದಿ ಹುಬ್ಬೇರಿಸಿದರು. "ಇಪ್ಪತ್ತು ವರ್ಷದಲ್ಲಿ ನೀವು ಒಂದು ಸ್ಕ್ರೂ ಹೆಚ್ಚಿಗೆ ಹಾಕಿದ್ದು ನಾನು ನೋಡಿಲ್ಲ. ಈ ರಬ್ಬರ್ ಎಲ್ಲಿಂದ ಬಂತು? ನಮ್ಮ ಆಸ್ಪತ್ರೇಲಿ ಇಲ್ವಲ್ಲ."

"ಬಂತು. ಕಟ್ಟಿದ್ದು ನಾನು."

"ಯಾಕೆ ಕಟ್ಟಿದ್ರಿ?"

"ಬೈಯೋದಿದ್ರೆ ಬೈದುಬಿಡಿ ಡಾಕ್ಟ್ರೇ. ಕೆಲಸ ಇದೆ."

ಬೈದರು, ಚೆನ್ನಾಗಿಯೇ ಬೈದರು. ಆದರೆ ಆ ದಿನದಿಂದ ಯಂತ್ರ ಹೊರಟಾಗಲೆಲ್ಲ ಅವಳು ಜೊತೆಗಿರಲೇಬೇಕೆಂದರು. ಯಂತ್ರವನ್ನು ಆಸ್ಪತ್ರೆ ಕೊಂಡೇ ಬಿಟ್ಟಿತು. ಅದಾದ ಮೇಲಿನ ಮೂರು ವರ್ಷದಲ್ಲಿ, ದೂರವಾಯಿತು ಎಂದು ಮೊದಲಾಗಿದ್ದರೆ ಬೇಡವೆನ್ನುತ್ತಿದ್ದ ಹದಿನಾಲ್ಕು ಹೃದಯಗಳು ಬೆಟ್ಟ ಇಳಿದು ಬಂದವು. ಪ್ರತಿ ಸಲವೂ ಅವಳು ಸಿಲಿಂಡರಿನ ಕ್ಲಿಪ್ಪನ್ನು ಒಮ್ಮೆ ಅಲ್ಲಾಡಿಸಿ, ಅದು ಟಕಟಕ ಎನ್ನುವುದನ್ನು ಕೇಳಿ, ಹಾಗೇ ಬಿಡುತ್ತಿದ್ದಳು.

ಟೈಲರ್ ನಡೆದುಕೊಂಡು ಮನೆಗೆ ಹೋದ. ಮಂಗಳವಾರ ಬಿಡಲಿಲ್ಲ. ವರ್ಕ್‌ಷಾಪಿಗೆ ಬಂದು ಸ್ಟೂಲಿನ ಮೇಲೆ ಕೂತು ಅಂಗಿಯ ಗುಂಡಿ ಬಿಚ್ಚುವನು. ಮೊದಲ ಸಲ ಅವಳು ಕೋಲಿಗೆ ಎಲುಬು ಕೊಟ್ಟು ಬಹಳ ಹೊತ್ತು ಅಲುಗದೆ ನಿಂತಳು. ವರ್ಷಕ್ಕೂ ಹೆಚ್ಚು ಕಾಲ ಗುಂಯ್ ಎಂದಿದ್ದ ಎದೆಯಲ್ಲಿ ಈಗ ಯಾರೋ ಮೆಟ್ಟಿಲು ಹತ್ತುತ್ತಿದ್ದರು. ಬೆಟ್ಟದ ರಸ್ತೆಯಲ್ಲಿ ಕೇಳಿದ ಅದೇ ಹೆಜ್ಜೆ. ಮಂಕಾಗಿರಲಿಲ್ಲ, ಹಸಿದಿರಲಿಲ್ಲ.

"ಏನಕ್ಕ, ಏನೂ ಹೇಳ್ತಿಲ್ಲ? ಸದ್ದು ಸರಿ ಇಲ್ವಾ?"

"ಬಾಯಿ ಮುಚ್ಚು ಟೈಲರಪ್ಪ. ಕೇಳ್ತಿದೀನಿ."

ಹೋದ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಕಂಡಾಗಲೇ ತಡವಾಗಿತ್ತು. ಕೊನೆಯ ವಾರಗಳನ್ನು ಅವಳು ತಾನು ಇಪ್ಪತ್ತಾರು ವರ್ಷ ಯಂತ್ರ ಸರಿಮಾಡಿದ ಆಸ್ಪತ್ರೆಯಲ್ಲೇ ಕಳೆದಳು. ಪಕ್ಕದ ಡ್ರಿಪ್ ಯಂತ್ರದ ಸದ್ದು ಸರಿಯಿಲ್ಲವೆಂದು ಎರಡು ಸಲ ಬೇರೆ ತರಿಸಿದಳು. ಒಂದು ಮಧ್ಯಾಹ್ನ ಟೈಲರ್ ಬಂದ. ಅವಳಿಗೆ ಕೂರಲು ಆಗುತ್ತಿರಲಿಲ್ಲ. ಅವನೇ ಮಂಚದ ಪಕ್ಕ ಮಂಡಿಯೂರಿ, ಕೋಲನ್ನು ತನ್ನ ಎದೆಗೆ ತಾನೇ ಒತ್ತಿಕೊಂಡು, ಇನ್ನೊಂದು ತುದಿಯನ್ನು ಮೆಲ್ಲಗೆ ಅವಳ ಕಿವಿಯ ಮುಂದಿಟ್ಟ. ಅವಳು ಕಣ್ಣು ಮುಚ್ಚಿ ಕೇಳಿದಳು. ಕಿಟಕಿಯ ಬಿಸಿಲು ಹಾಸಿಗೆಯ ಕಾಲ್ದೆಸೆಯಿಂದ ಮೊಣಕಾಲಿಗೆ ಬರುವವರೆಗೂ ಕೇಳಿದಳು. ಅವನು ಕೈ ನೋಯುತ್ತಿದೆ ಎನ್ನಲಿಲ್ಲ.

ಅವನು ಹೋದ ಮೇಲೆ, ಪಕ್ಕದಲ್ಲಿ ಕೂತಿದ್ದ ಗೆಳತಿಗೆ ಪಟ್ಟಿಯ ಕತೆ ಹೇಳಿದಳು. ಅಲ್ಲಿಯವರೆಗೆ ಅದು ಯಾರದೆಂದು ಯಾರಿಗೂ ಹೇಳಿರಲಿಲ್ಲ.

ಕೊಟ್ಟವರಿಗೂ ಪಡೆದವರಿಗೂ ಒಬ್ಬರ ಗುರುತು ಒಬ್ಬರಿಗೆ ಹೇಳುವಂತಿಲ್ಲ. ಆದರೆ ಆಪರೇಷನ್ ಆಗಿ ಆರು ತಿಂಗಳಿಗೆ, ಇಂಥ ಮನೆಗಳ ಜೊತೆ ಮಾತಾಡುವ ಕೌನ್ಸೆಲರ್ ಒಂದು ಚೀಟಿ ಹಿಡಿದು ವರ್ಕ್‌ಷಾಪಿಗೆ ಬಂದಿದ್ದಳಂತೆ. ಹುಡುಗಿಯ ಅಪ್ಪ ಯಾರಿಗೆ ಕೊಟ್ಟಿರಿ ಎಂದು ಕೇಳಿರಲಿಲ್ಲ, ಬದುಕಿದ್ದಾರೆ ಎಂಬ ಸುದ್ದಿಯಷ್ಟಕ್ಕೇ ಸುಮ್ಮನಾಗಿದ್ದ. ಅವನ ಪ್ರಶ್ನೆ ಒಂದೇ, ಅದೂ ಮೆಕ್ಯಾನಿಕ್ ತಾಯಿಗೆ. ದಾರಿಯಲ್ಲಿ ಆ ಪಟ್ಟಿ ಸಡಿಲ ಆಗಲಿಲ್ಲ ತಾನೇ?

"ಏನು ಬರೆದೆ?" ಎಂದು ಕೇಳಿದಳು ಗೆಳತಿ.

ಪಾನಾ ಅಕ್ಕ ಒಂದಿಡೀ ಮಧ್ಯಾಹ್ನ ಯೋಚಿಸಿದ್ದಳಂತೆ. ಚಹಾ ತಣ್ಣಗಾಗಿತ್ತು. ಕೊನೆಗೆ ಅದೇ ಚೀಟಿಯ ಹಿಂದೆ ಬರೆದು ಕಳಿಸಿದಳು: "ಇಲ್ಲ ಅಣ್ಣ. ನೀವು ಹಾಕಿದ ಗಂಟು ಕೊನೆಯವರೆಗೂ ಬಿಗಿಯಾಗೇ ಇತ್ತು. ನಾನೇ ಕತ್ತರಿಸಬೇಕಾಯ್ತು."

"ಸುಳ್ಳೇನೂ ಬರೀಲಿಲ್ಲ ಅಲ್ವಾ?" ಎಂದು ಗೆಳತಿಯ ಮುಖ ನೋಡಿದಳು.

"ಒಂದಕ್ಷರವೂ ಇಲ್ಲ."

"ಹೂಂ" ಎಂದಳು. ಆಮೇಲೆ, "ಪೆಟ್ಟಿಗೇಲಿದೆ ಅದು. ಕೆಳಗಿನ ಅರೇಲಿ. ಯಾರಾದ್ರೂ ಕಸ ಅಂದ್ಕೊಂಡು ಎಸೆದಾರು, ನೋಡ್ಕೋ" ಎಂದಳು.